ಹೆಬ್ಬೆರಳಿನ ಚೆಂಡು

ಆರ್ವಿಲ್ ಟ್ಯಾಕೆಟ್ ಎಸೆದ ಒಂದು ಚೆಂಡನ್ನು ನಾನು ಹಿಡಿದಾಗ ನನ್ನ ಬೆನ್ನ ಹಿಂದಿದ್ದ ಬೆಟ್ಟ ಎರಡು ಗಜ ಹಿಂದಕ್ಕೆ ಸರಿಯಿತು. ನಗಬೇಡಿ. ಸರ್ವೆಯವರು ಸರಪಳಿ ಹಿಡಿದುಕೊಂಡು ಬಂದು ನಕ್ಷೆಯನ್ನೇ ತಿದ್ದಬೇಕಾಯಿತು. ಬೆಟ್ಟದ ಆ ಮಗ್ಗುಲಲ್ಲಿ ಕಳ್ಳಭಟ್ಟಿ ಕಾಯಿಸುತ್ತಿದ್ದ ಮುದುಕನೊಬ್ಬ ವೆಸ್ಟ್ ವರ್ಜೀನಿಯಾದಲ್ಲಿ ಒಲೆಗಿಟ್ಟ ಹಂಡೆ ಕೆಂಟಕಿಯಲ್ಲಿ ಕುದಿಯಿತು. ಪಾಪ, ಎರಡು ರಾಜ್ಯದ ಪೊಲೀಸರೂ ಅವನನ್ನು ಹಿಡಿದು ಬಡಿದರು.

ಈ ಮಾತನ್ನು ಕೇಳಬೇಕೆಂದರೆ ಶನಿವಾರ ಮಧ್ಯಾಹ್ನ ವೆರ್ಲಿನ್ ರ್‍ಯಾಟ್ಲಿಫ್‌ನ ಕ್ಷೌರದಂಗಡಿಗೆ ಬರಬೇಕು. ಬ್ಲ್ಯಾಕ್ ಫೋರ್ಕ್ ಎಂಬ ಈ ಗಣಿಯೂರಲ್ಲಿ ಸುಳ್ಳು ಹೇಳುವುದಕ್ಕೆ ಪ್ರಶಸ್ತವಾದ ಜಾಗಗಳು ಎರಡೇ, ಒಂದು ಚರ್ಚು, ಇನ್ನೊಂದು ಅದು. ಕನ್ನಡಿಯ ಮೇಲೆ ಊರಿನ ಹಳೆಯ ಬೇಸ್‌ಬಾಲ್ ತಂಡದ ಫೋಟೊ ಇದೆ. ಮಧ್ಯದಲ್ಲಿ ಉದ್ದ ಕೈಯ ಆರ್ವಿಲ್. ಅವನ ಪಕ್ಕದಲ್ಲಿ ಕ್ಯಾಚರ್, ಎಂದರೆ ಬ್ಯಾಟ್ಸ್‌ಮನ್‌ನ ಹಿಂದೆ ಕುಕ್ಕರುಗಾಲಲ್ಲಿ ಕೂತು ಚೆಂಡು ಹಿಡಿಯುವವನು, ಮುಖಕ್ಕೆ ಕಬ್ಬಿಣದ ಜಾಲರಿ ಹಾಕಿಕೊಂಡೇ ನಿಂತಿದ್ದಾನೆ. ಆ ಜಾಲರಿಯ ಹಿಂದಿರುವುದು ನಾನು, ಡ್ಯೂಯಿ ಮನ್ಸಿ.

"ಡ್ಯೂಯಿ ಮಾಮ, ಹೋದ ಶನಿವಾರ ಬೆಟ್ಟ ಒಂದೇ ಗಜ ಸರೀತು ಅಂದಿದ್ರಿ" ಎಂದ ವೆರ್ಲಿನ್, ಎಸ್ಕೋನ ಗಲ್ಲಕ್ಕೆ ನೊರೆ ಹಚ್ಚುತ್ತ. ಎಸ್ಕೋ ನಮ್ಮ ಬಸ್ಸಿನ ಡ್ರೈವರ್. ಈ ಕಡೆಗೆ ಹೊಸಬ.

"ಅವತ್ತಿಂದ ಇನ್ನೊಂದು ಗಜ ಸರ್ದಿದೆ ಕಣಯ್ಯಾ. ಬೆಟ್ಟಕ್ಕೆ ಇನ್ನೂ ನಡುಕ ಹೋಗಿಲ್ಲ."

"ಮಾಮ ಹೀಗೇ ಹೇಳ್ತಿದ್ರೆ ಕ್ರಿಸ್‌ಮಸ್ ಹೊತ್ತಿಗೆ ಅದು ಸಮುದ್ರಕ್ಕೆ ಬೀಳುತ್ತೆ" ಎಂದ ಎಸ್ಕೋ. ನೊರೆ ಅವನ ಬಾಯಿಗೆ ಹೋಯಿತು. ಸರಿಯಾಗಿಯೇ ಆಯಿತು.

ಅಂಗಡಿಯಲ್ಲಿ ಅವತ್ತು ಇನ್ನೊಬ್ಬರಿದ್ದರು. ಕಪ್ಪು ಟೋಪಿಯ ಮುದುಕಿ, ವೆಸ್ಟಾ ಎಂದು ಹೆಸರು ಹೇಳಿಕೊಂಡು ಕತ್ತರಿ ಸಾಣೆಗೆ ಕೊಟ್ಟು ಬೆಂಚಿನ ಮೇಲೆ ಕಾಯುತ್ತ ಕೂತಿದ್ದರು. ಒಹಾಯೋದಲ್ಲಿ ಮಗಳ ಮನೆಯಲ್ಲಿದ್ದು ಈ ವಾರವಷ್ಟೇ ಹಿಂದಿರುಗಿದವರಂತೆ. ಆಗಿನ ಕಾಲದವರಲ್ಲಿ ಅರ್ಧ ಜನ ಮಣ್ಣಿನಡಿ, ಉಳಿದರ್ಧ ಒಹಾಯೋದಲ್ಲಿ ಎಂಬುದು ನಮ್ಮಲ್ಲಿ ಗಾದೆ. ಒಹಾಯೋದಿಂದ ಯಾರಾದರೂ ವಾಪಸು ಬರಬಹುದೆಂದು ನಾನು ಯೋಚಿಸಿಯೇ ಇರಲಿಲ್ಲ. ಹೊಸ ಕಿವಿ ಸಿಕ್ಕಿತೆಂದು ಖುಷಿಯಾಗಿ ಮೊದಲಿಂದ ಶುರು ಮಾಡಿದೆ.

ಬೆಟ್ಟದ ಸೀಮೆಯ ಆ ಲೀಗಿನಲ್ಲಿ ಸಂಬಳಕ್ಕೆ ಆಡುವವರೆಲ್ಲ ಗಣಿಯಿಂದ ಹೊರಬಿದ್ದವರು. ಸೋತರೆ ಮತ್ತೆ ಗಣಿಗೆ. ಅದಕ್ಕೇ ಆಟ ಆಟದ ಹಾಗೆ ಇರುತ್ತಿರಲಿಲ್ಲ. ಎದುರಾಳಿಗಳು ಬಸ್ಸಿಳಿಯುವಾಗ ನಮ್ಮ ಹುಡುಗರು ಬೆಂಚಿನ ಮೇಲೆ ಸಾಲಾಗಿ ಕೂತು, ಬೂಟಿನ ತಳದ ಮೊಳೆಗಳನ್ನು ಅರದಿಂದ ಉಜ್ಜುತ್ತಿದ್ದರು. ಕೇಳಿಸಲಿ ಎಂದೇ. ಆ ಕರ್ರ್ ಕರ್ರ್ ಸದ್ದಿಗೆ ಬಂದವರಲ್ಲಿ ಇಬ್ಬರಿಗೆ ಭೇದಿಯಾಗುತ್ತಿತ್ತು. ಆಟ ಮುಗಿದ ಮೇಲೆ ನೆಲ ಗುಡಿಸಿದರೆ ಮೊರದ ತುಂಬ ಹಲ್ಲು ಸಿಗುತ್ತಿದ್ದವು. ನಮ್ಮೂರ ಹಲ್ಲಿನ ಡಾಕ್ಟರು ಅವುಗಳಿಂದಲೇ ಕಟ್ಟುಹಲ್ಲು ಮಾಡಿ ಮೂರು ಅಂತಸ್ತಿನ ಮನೆ ಕಟ್ಟಿಸಿದ.

ಅಂಥಲ್ಲಿಗೆ ಆರ್ವಿಲ್ ಬಂದ. ಗಣಿಯೊಳಗೆ ಕಲ್ಲಿದ್ದಲ ಬಂಡಿಗೆ ಹೇಸರಗತ್ತೆ ಹೊಡೆಯುತ್ತಿದ್ದವನು. ಮೊಂಡು ಕತ್ತೆಯ ಕಿವಿಗೆ ಕತ್ತಲಲ್ಲೇ ಇದ್ದಲಚೂರು ಬೀಸಿ ದಾರಿಗೆ ತರುತ್ತಿದ್ದನಂತೆ. ಹಾಗೆ ಕಲಿತ ಕೈ. ಛಾವಣಿ ಕುಸಿದು ಅವನ ಅಪ್ಪ, ಅಣ್ಣ ಇಬ್ಬರೂ ಒಂದೇ ಪಾಳಿಯಲ್ಲಿ ಹೋದರು. ಅವನು ಎರಡು ಹಗಲು ಅವರ ಬೂಟುಗಳ ಪಕ್ಕ ಸಿಕ್ಕಿಹಾಕಿಕೊಂಡಿದ್ದು ಜೀವಂತ ಹೊರಗೆ ಬಂದ. ಆಮೇಲೆ ಅವನು ಬಾಗಿಲು ಹಾಕಿದ ಕೋಣೆಯಲ್ಲಿ ಮಲಗುತ್ತಿರಲಿಲ್ಲ. ಇದರಲ್ಲಿ ನಾನು ಒಂದಕ್ಷರವನ್ನೂ ಸೇರಿಸಿಲ್ಲ, ಬೇಕಾದರೆ ಯಾರನ್ನಾದರೂ ಕೇಳಿ.

ಆದರೆ ಬಯಲ ನಡುವೆ ಚೆಂಡೆಸೆಯುವ ದಿಬ್ಬದ ಮೇಲೆ ನಿಂತು ಕೈ ಬೀಸಿದರೆ! ಬ್ಯಾಟು ಮುರಿಯುತ್ತಿರಲಿಲ್ಲ, ಸಿಗಿದು ಕಡ್ಡಿಪೊಟ್ಟಣವಾಗುತ್ತಿತ್ತು. ಒಬ್ಬನ ಮುಂಗೈ ಮೂಳೆ ಚರ್ಮ ಹರಿದು ಹೊರಬಂದು ಅಂಪೈರಿಗೆ ದಾರಿ ತೋರಿಸಿತು. ಇನ್ನೊಬ್ಬನ ದವಡೆ ಎಡದಿಂದ ಬಲಕ್ಕೆ ಹೋಯಿತು. ಆಮೇಲೆ ಅವನು ಪಿಸುಗುಟ್ಟಿದರೆ ಅವನ ಕಿವಿಗೇ ಕೇಳುತ್ತಿತ್ತು.

"ಅವನ್ನೆಲ್ಲ ಹಿಡಿದವರು ನೀವು" ಎಂದರು ಬೆಂಚಿನ ಮೇಲಿದ್ದ ವೆಸ್ಟಾ.

"ನಾನೇ, ಅತ್ತೆ. ಬರಿಗೈಲಿ ಅನ್ನಿ. ಆಗಿನ ಗ್ಲೌಸು ಏನು, ಮೆಕ್ಕೆಜೋಳದ ರೊಟ್ಟಿಗಿಂತ ತೆಳ್ಳಗೆ."

"ಹೂಂ" ಎಂದರು. ಆ ಹೂಂ ನನಗೆ ಮೆಚ್ಚುಗೆಯ ಹಾಗೆ ಕೇಳಿಸಿತು.

ಸರಿ, ಆ ದಿನಕ್ಕೆ ಬರೋಣ. ಎದುರಾಳಿ ಟಗ್ ಹಾಲೋ ಊರಿನ ತಂಡ. ಮೂರನೇ ನೆಲೆಯ, ಎಂದರೆ ಓಡುವವರು ಮುಟ್ಟಬೇಕಾದ ಥರ್ಡ್ ಬೇಸಿನ ಹಿಂದೆ ಹುಲ್ಲಿನ ಹ್ಯಾಟು ಹಾಕಿಕೊಂಡು ಒಬ್ಬ ಆಸಾಮಿ ಕೂತಿದ್ದ. ದೊಡ್ಡ ಲೀಗಿನವನು, ಆರ್ವಿಲ್‌ನನ್ನು ನೋಡುವುದಕ್ಕೆಂದೇ ಬಂದವನು. ಅವನು ಹೂಂ ಅಂದರೆ ಆರ್ವಿಲ್ ಅವತ್ತೇ ನಾಲ್ಕು ಗಂಟೆಯ ರೈಲು ಹತ್ತುತ್ತಾನೆ. ಉಹೂಂ ಅಂದರೆ, ಆಟದ ಋತು ಮುಗಿಯುತ್ತ ಬಂದಿತ್ತು, ಕಂಪನಿ ತಂಡವನ್ನೇ ಮುಚ್ಚುವ ಮಾತಿತ್ತು. ಮತ್ತೆ ಆ ತೂತಿನೊಳಕ್ಕೆ. ಆರ್ವಿಲ್ ಬೆಳಗ್ಗೆಯೇ ಬಟ್ಟೆಬರೆ ತುಂಬಿದ ಸಂಚಿಯನ್ನು ಬೆಂಚಿನ ಕೆಳಗೆ ತಂದಿಟ್ಟಿದ್ದ.

ಟಗ್ ಹಾಲೋದವರ ಹುಲಿ ಲಾಂಜೊ ಸ್ಟಿಲ್ಟ್‌ನರ್. ಏಳಡಿ ಎತ್ತರ. ಬೆಳಗಿನ ತಿಂಡಿಗೆ ಹಂದಿಯ ತೊಡೆಯನ್ನು ಮೂಳೆಸಮೇತ ತಿಂದು, ಆ ಹಂದಿಯನ್ನು ಸಾಕಿದವನನ್ನೂ ಒಂದು ಥರಾ ನೋಡುತ್ತಿದ್ದ. ಅವನು ಐದನೇ ಸರದಿಯಲ್ಲಿ ಓಟ ಮುಗಿಸಲು ಪ್ಲೇಟಿನ, ಎಂದರೆ ಬ್ಯಾಟ್ಸ್‌ಮನ್ ನಿಲ್ಲುವಲ್ಲಿ ನೆಲಕ್ಕೆ ಹೂತ ಬಿಳಿ ಹಲಗೆಯ ಕಡೆ ನುಗ್ಗಿ ಬಂದ. ನಾನು ಚೆಂಡು ಹಿಡಿದು ದಾರಿಗೆ ಅಡ್ಡ ಕೂತಿದ್ದೆ. ಅವನು ಜಾರಿದ, ಎರಡೂ ಬೂಟು ಮೇಲೆತ್ತಿ ಮೊಳೆಗಳನ್ನು ನನ್ನ ಮೊಣಕಾಲ ಕೆಳಗೆ ನೆಟ್ಟು, ಹಿಟ್ಟು ನಾದುವ ಹಾಗೆ ತಿರುವಿದ. ಮಾಂಸ ಕಾಲುಚೀಲದ ಹಾಗೆ ಕೆಳಗಿಳಿಯಿತು. ಮೂಳೆ ಬಿಸಿಲಿಗೆ ಫಳಫಳ ಹೊಳೆಯಿತು. ನಾನು ಜಗಿಯುತ್ತಿದ್ದ ಹೊಗೆಸೊಪ್ಪನ್ನು ಉಗಿದು ಗಾಯಕ್ಕೆ ಮೆತ್ತಿ, ಚೀಲವನ್ನು ಮೇಲೆಳೆದುಕೊಂಡು, "ಮುಂದಿನವನು ಯಾರು?" ಎಂದೆ.

ಇನ್ನು ನಿಯಮ. ಪುಸ್ತಕದ್ದಲ್ಲ, ನಮ್ಮದು. ಕ್ಯಾಚರ್ ತೊಡೆಸಂದಿಯಲ್ಲಿ ಬೆರಳು ತೋರಿಸಿ ಎಸೆಯುವವನಿಗೆ ಸನ್ನೆ ಮಾಡುತ್ತಾನೆ. ಒಂದು ಬೆರಳೆಂದರೆ ನೇರ, ಎರಡೆಂದರೆ ತಿರುವು. ಹೆಬ್ಬೆರಳೆಂದರೆ ಇವನನ್ನು ಹೊಡಿ. ನಮ್ಮವನೊಬ್ಬನ ರಕ್ತ ಬಿದ್ದರೆ, ಬೀಳಿಸಿದವನು ಮತ್ತೆ ಬ್ಯಾಟು ಹಿಡಿದು ಬಂದಾಗ ಹೆಬ್ಬೆರಳು ಬರಲೇಬೇಕು, ಚೆಂಡು ಅವನ ಪಕ್ಕೆಗೆ ಬೀಳಲೇಬೇಕು. ಪಕ್ಕೆಗೆ ಮಾತ್ರ, ತಲೆಗಲ್ಲ. ಪಕ್ಕೆಗೆ ಹೊಡೆದವನ ಜೊತೆ ಸಂಜೆ ಕುಡಿಯಬಹುದು. ತಲೆಗೆ ಹೊಡೆದವನ ಜೊತೆ ಅವರಮ್ಮನೂ ಊಟಕ್ಕೆ ಕೂರುವುದಿಲ್ಲ.

ಏಳನೇ ಸರದಿಗೆ ಮುಂಚೆ ಆರ್ವಿಲ್ ಪ್ಲೇಟಿನ ಹತ್ತಿರ ಬಂದು ಬಾಗಿದ. "ಹೆಬ್ಬೆರಳು ಬೇಡ ಕಣೋ. ಆ ಹ್ಯಾಟಿನವನು ನೋಡ್ತಿದಾನೆ."

"ನನ್ನ ಕಾಲು ನೋಡೋ."

"ನೋಡ್ದೆ. ನನ್ನಾಣೆಗೂ ನೋಡ್ದೆ. ಇವತ್ತೊಂದಿನ ಬಿಟ್ಬಿಡು. ನನ್ನ ಕೈಲಿ ಮತ್ತೆ ಕೆಳಗೆ ಇಳಿಯೋಕಾಗಲ್ಲ."

ಬೆಂಚಿನಿಂದ ನಮ್ಮ ಮ್ಯಾನೇಜರ್ ಪ್ರೂಯಿಟ್ ಕೂಗಿದ: "ಏನ್ ಮದುವೆ ಮಾತುಕತೆನಾ ಅಲ್ಲಿ? ಟ್ಯಾಕೆಟ್, ಕ್ಯಾಚರ್ರನ್ನ ಕಾಯ್ದೇ ಇರೋನಿಗೆ ಈ ಬೆಟ್ಟದಲ್ಲಿ ಯಾವ ಸೂಳೇಮಗನೂ ಕೈ ಒಡ್ಡಲ್ಲ, ನೆನಪಿರ್ಲಿ!"

ಆರ್ವಿಲ್ ದಿಬ್ಬಕ್ಕೆ ಹೋದ. ಆಗ ಗಾಳಿ ತಿರುಗಿತು. ಬಯಲ ಪಕ್ಕದಲ್ಲೇ ಗಣಿಯ ಕಸದ ಗುಡ್ಡ. ಅದು ವರ್ಷಗಟ್ಟಲೆ ಒಳಗೊಳಗೇ ಉರಿಯುತ್ತದೆ. ಅದರ ಹಳದಿ ಹೊಗೆ ಪ್ಲೇಟಿನ ಮೇಲೆಲ್ಲ ಕವಿದುಕೊಂಡಿತು. ಅದರೊಳಗೆ ಲಾಂಜೊನ ದೊಡ್ಡ ಕೆಂಪಂಗಿ ಕಾಣಿಸಿಕೊಂಡಿತು. ನಾನು ಹೆಬ್ಬೆರಳು ತೋರಿಸಿದೆ.

ಆ ಚೆಂಡೇ ಬೆಟ್ಟ ಸರಿಸಿದ ಚೆಂಡು. ಹೊಗೆಯಲ್ಲಿ ಸುರಂಗ ಕೊರೆದುಕೊಂಡು ಬಂತು. ಲಾಂಜೊನ ಎಡಪಕ್ಕೆಯಲ್ಲಿ ಹೊಕ್ಕು ಬಲಪಕ್ಕೆಯಲ್ಲಿ ಹೊರಬಿದ್ದು, ಒಂದು ಎಲುಬನ್ನು ಕಚ್ಚಿಕೊಂಡೇ ನನ್ನ ಕೈ ಸೇರಿತು. ಏಳಡಿಯ ಆಳು ಮರ ಉರುಳಿದ ಹಾಗೆ ಉರುಳಿದ. ಅವನ ಕಿವಿಯಿಂದ ರಕ್ತ ಸೀಸೆಯಿಂದ ಸುರಿದ ಹಾಗೆ ಸುರಿಯಿತು. ಮಣ್ಣು ಅದನ್ನು ಕುಡಿದು ಸಾಕೆಂದಿತು.

ಆಮೇಲೆ ಬೇಲಿ ಮುರಿಯಿತು. ಟಗ್ ಹಾಲೋದವರು ಗುದ್ದಲಿ ಕಾವು ಹಿಡಿದು ಬಂದರು. ನಮ್ಮವರು ಬೇಲಿಯ ಗೂಟ ಕಿತ್ತರು. ಸೀಸೆಗಳು ಹಾರಿದವು. ಅಂಪೈರನನ್ನು ಅವನದೇ ಸೊಂಟಪಟ್ಟಿಯಿಂದ ಕಂಬಕ್ಕೆ ನೇತುಹಾಕಿದರು. ಪಾಪ, ಅವನು ಅಲ್ಲಿಂದಲೇ ಔಟು ಕೊಡುತ್ತಿದ್ದ. ನಾನು ಒಂದು ಕೈಯಲ್ಲಿ ಬ್ಯಾಟು, ಇನ್ನೊಂದು ಕೈಯಲ್ಲಿ ಲಾಂಜೊನ ಎಲುಬು ಹಿಡಿದು ಬಡಿದೆ. ಮೂಗುಗಳು ಕಡಲೆಕಾಯಿಯ ಹಾಗೆ ಒಡೆದವು. ಒಬ್ಬ ಪಾದ್ರಿ ಸಮಾಧಾನ ಹೇಳಲು ಬಂದು ಎರಡೂ ಕಡೆಯಿಂದ ಸಮಾನವಾಗಿ ಒದೆ ತಿಂದ. ಆರ್ವಿಲ್ ದಿಬ್ಬದ ಮೇಲೆ ಒಂಟಿಯಾಗಿ ನಿಂತು ಬುಟ್ಟಿಯಿಂದ ಒಂದೊಂದೇ ಚೆಂಡು ತೆಗೆದು ಬೀಸುತ್ತಿದ್ದ. ಬೀಸಿದ್ದಕ್ಕೊಬ್ಬ ಬೀಳುತ್ತಿದ್ದ. ಹುಲ್ಲಿನ ಹ್ಯಾಟಿನವನು ಕುರ್ಚಿಯ ಕೆಳಗಿಂದ ಇದನ್ನೆಲ್ಲ ನೋಡಿ, ಬೆವರೊರೆಸಿಕೊಂಡು, "ಇದು ಮನುಷ್ಯ ಅಲ್ಲ, ಫಿರಂಗಿ. ಫಿರಂಗಿ ತಗೊಳ್ಳೋಕೆ ನಮಗೆ ಸರ್ಕಾರದ ಪರವಾನಗಿ ಇಲ್ಲ" ಎಂದು ಒಬ್ಬನೇ ರೈಲು ಹತ್ತಿಬಿಟ್ಟ. ಆರ್ವಿಲ್ ಟ್ಯಾಕೆಟ್ ಎಂಬ ಹೆಸರು ಈ ಕಣಿವೆಯ ಆಚೆಗೆ ಯಾರಿಗೂ ಗೊತ್ತಿಲ್ಲದಿರುವುದಕ್ಕೆ ಕಾರಣ ಅಷ್ಟೇ. ಅವನು ಅವರಿಗೆ ಜಾಸ್ತಿಯಾಗಿಬಿಟ್ಟ.

ವೆರ್ಲಿನ್ ಕತ್ತಿ ಒರೆಸುತ್ತ ನಗುತ್ತಿದ್ದ. ಎಸ್ಕೋ ಅರ್ಧ ಗಡ್ಡದಲ್ಲೇ ಚಪ್ಪಾಳೆ ತಟ್ಟಿದ.

ವೆಸ್ಟಾ ಅತ್ತೆ ನಗಲಿಲ್ಲ. "ಚೆನ್ನಾಗಿ ಹೇಳ್ತೀರಪ್ಪ. ನಿಮ್ಮ ಬೆರಳು ಒಂಚೂರು ತೋರಿಸಿ ನೋಡೋಣ."

"ಯಾಕತ್ತೆ?"

"ತೋರಿಸಿ."

ತೋರಿಸಿದೆ. ಹತ್ತು ಬೆರಳು. ವಯಸ್ಸಿನ ಗಂಟು ಬಿಟ್ಟರೆ ನೆಟ್ಟಗೆ, ಸಾಲಾಗಿ, ಪಿಯಾನೊ ಬಾರಿಸುವವನ ಹಾಗೆ.

"ಆ ಕಾಲದಲ್ಲಿ ಕ್ಯಾಚರ್ ಕೈಯಲ್ಲಿ ನೆಟ್ಟಗಿರೋ ಬೆರಳು ನಾನು ಕಂಡಿಲ್ಲ" ಎಂದರು. "ನನ್ನ ಗಂಡಂದು ಬೇಲಿ ಮೇಲಿನ ಒಣಬಳ್ಳಿ ಥರ ಇದ್ವು. ಒಂದೊಂದೂ ಒಂದೊಂದು ದಿಕ್ಕು. ಸಾಯೋ ತನಕ ಅವರ ಅಂಗಿ ಗುಂಡಿ ನಾನೇ ಹಾಕಿದ್ದು. ಮಳೆ ಬರೋ ಮುಂಚೆ ಆ ಕಾಲಿನ ಗಾಯ ನೀರಾಡೋದು, ಅದನ್ನ ತೊಳೆದದ್ದೂ ನಾನೇ." ಕನ್ನಡಿಯ ಮೇಲಿನ ಫೋಟೊ ಕಡೆ ಗಲ್ಲ ಎತ್ತಿದರು. "ಆ ಜಾಲರಿ ಹಿಂದೆ ಇರೋದು ಹೋಬರ್ಟ್ ಬ್ಲೆವಿನ್ಸ್. ನಾನು ಅವರ ಹೆಂಡತಿ."

ವೆರ್ಲಿನ್ ನನ್ನ ಕಡೆ ನೋಡಲಾಗದೆ ಎಸ್ಕೋನ ನುಣ್ಣನೆಯ ಕೆನ್ನೆಯನ್ನೇ ಮತ್ತೆ ಕೆರೆಯತೊಡಗಿದ.

"ನಾನು ಅವತ್ತು... ಬದಲಿ ಕ್ಯಾಚರ್" ಎಂದೆ.

"ಮೊದಲು ಲಾಂಜೊನ ಪಕ್ಕೆ ತೂತು ಮಾಡಿಸಿದ್ರಿ, ಆಮೇಲೆ ರಕ್ತ ಕಿವೀಲಿ ಸುರಿಸಿದ್ರಿ. ಪಕ್ಕೆಗೆ ಹೊಡೆದ್ರೆ ಕಿವೀಲಿ ಯಾಕಪ್ಪ ರಕ್ತ ಬರುತ್ತೆ?" ಎಂದು ಅವರು ಎದ್ದು ನನ್ನ ಎಡಗಡೆಗೆ ಬಂದು ನಿಂತರು. ಏನೋ ಅಂದರು. ತುಟಿ ಅಲ್ಲಾಡಿದ್ದನ್ನು ಓರೆಗಣ್ಣಲ್ಲಿ ಕಂಡೆ. ಮಾತು ಕೇಳಿಸಲಿಲ್ಲ. ತಿರುಗಿ ಬಲಗಿವಿ ಕೊಟ್ಟೆ, ಎಂದಿನ ಅಭ್ಯಾಸದಲ್ಲಿ.

"ಅದೇ ಅಂದ್ಕೊಂಡೆ" ಎಂದರು, ಈಗ ಮೆಲ್ಲಗೆ. "ನೀವು ಆ ಗಿಡ್ಡ ಹುಡುಗ."

ಹೌದು. ಏಳಡಿಯ ರಾಕ್ಷಸ ನಾನೇ. ಬೂಟು ಬಿಚ್ಚಿ ನಿಂತರೆ ಐದಡಿ ಮೂರಂಗುಲ.

ಆಗ ನಾನು ಟಗ್ ಹಾಲೋದವನು, ಈ ಊರಿಗೆ ಬಂದು ನೆಲೆಸಿದ್ದು ಆಮೇಲೆ. ಟಗ್ ಹಾಲೋ ತಂಡದ ಬೆಂಚಿನ ಕೊನೆಯಲ್ಲಿ ಕೂತು ನೀರು ಕೊಡುವುದೇ ನನ್ನ ಆಟ. ಆ ಋತುವೆಲ್ಲ ನನಗೆ ಬ್ಯಾಟು ಮುಟ್ಟಲು ಕೊಟ್ಟಿರಲಿಲ್ಲ. ಏಳನೇ ಸರದಿಯಲ್ಲಿ ನಮ್ಮ ಮ್ಯಾನೇಜರ್ ಲಾಂಜೊನ ಅಂಗಿ ಬಿಚ್ಚಿಸಿ ನನ್ನ ಮುಖದ ಮೇಲೆಸೆದ. "ಮನ್ಸಿ, ಹೋಗು, ಇವನ ಬದಲು ನೀನು. ಟೋಪಿ ಕೆಳಗೆ ಎಳ್ಕೊ" ಎಂದ. ಐದನೇ ಸರದಿಯ ಲೆಕ್ಕಕ್ಕೆ ಹೆಬ್ಬೆರಳು ಬಂದೇ ಬರುತ್ತದೆಂದು ಬೆಂಚಿನಲ್ಲಿದ್ದವರಿಗೆಲ್ಲ ಗೊತ್ತಿತ್ತು. ಒಳ್ಳೆಯ ಆಳನ್ನು ಯಾಕೆ ಹಾಳುಮಾಡಿಕೊಳ್ಳುವುದು? ನನಗದು ಹೊಳೆಯಲೇ ಇಲ್ಲ. ನನ್ನ ಅದೃಷ್ಟ ಖುಲಾಯಿಸಿತೆಂದುಕೊಂಡೆ. ಅಂಗಿ ಮೊಣಕಾಲಿಗೆ ಬರುತ್ತಿತ್ತು. ಟ್ಯಾಕೆಟ್‌ನ ಒಂದೇ ಒಂದು ಚೆಂಡಿಗೆ ಬ್ಯಾಟು ತಗುಲಿಸಿ ಊರಲ್ಲಿ ಹೇಳಿಕೊಂಡು ತಿರುಗಬೇಕು, ಅಷ್ಟೇ ನನ್ನಾಸೆ. ನಗುನಗುತ್ತ ಹೊಗೆಯೊಳಕ್ಕೆ ಹೋದೆ.

"ಆರ್ವಿಲ್ ಗುರಿ ತಪ್ಪಲಿಲ್ಲ" ಎಂದರು ವೆಸ್ಟಾ ಅತ್ತೆ. "ಹೋಬರ್ಟ್ ಅದನ್ನೇ ಹೇಳೋರು. ಲಾಂಜೊನ ಪಕ್ಕೆಗೆ ಅಂತ ಎಷ್ಟೆತ್ತರ ಎಸೀಬೇಕೋ ಅಷ್ಟೇ ಎತ್ತರಕ್ಕೆ ಎಸೆದ. ಲಾಂಜೊನ ಪಕ್ಕೆ ಎಲ್ಲಿರುತ್ತೋ ಅಲ್ಲಿ ನಿಮ್ಮ ತಲೆ ಇತ್ತು. ಅದೂ ಅರ್ಧ ಜೋರಲ್ಲಿ ಎಸೆದಿದ್ದಂತೆ. ಅವನು ಎಂದಿನ ಹಾಗೆ ಎಸೆದಿದ್ರೆ ನೀವು ಇಲ್ಲಿ ಕೂತು ಬೆಟ್ಟ ಸರಿಸ್ತಿರಲಿಲ್ಲ."

"ಮತ್ತೆ ಬುಟ್ಟಿ ತುಂಬ ಚೆಂಡು?" ಎಂದು ಎಸ್ಕೋ ಮೆಲ್ಲಗೆ ಕೇಳಿದ.

"ಯಾವ ಬುಟ್ಟಿ? ಹೊಡೆದಾಟ ಆಗಿದ್ದು ನಿಜ. ಗುದ್ದಲಿ ಕಾವು, ಗೂಟ, ಎಲ್ಲ ನಿಜ. ಆರ್ವಿಲ್ ಮಾತ್ರ ಓಡಿ ಬಂದು ಈ ಹುಡುಗನ ತಲೆ ತೊಡೆ ಮೇಲಿಟ್ಕೊಂಡು ಕಿವಿಗೆ ಅಂಗೈ ಒತ್ತಿ ಹಿಡಿದು ಕೂತ. ಟಗ್ ಹಾಲೋದವರು ಅವನ ಬೆನ್ನ ಮೇಲೆ ಸೀಸೆ ಒಡೆದ್ರು. ಹೆಗಲಿಗೆ ಕಾವು ಬೀಸಿದ್ರು, ಎಸೆಯೋ ಹೆಗಲಿಗೇ. ಕೈ ಎತ್ತಲಿಲ್ಲ ಅವನು. ಎತ್ತಿದ್ರೆ ಕಿವಿ ಬಿಡಬೇಕಾಗ್ತಿತ್ತಲ್ಲ. ಆ ಹ್ಯಾಟಿನವನು ಜನರನ್ನ ತಳ್ಕೊಂಡು ಬಂದು, 'ಎದೆಗಾರಿಕೆ ಇದೆ ಕಣೋ ನಿನಗೆ, ಸಂಚಿ ತಗೊ, ರೈಲು ಹೊರಡುತ್ತೆ' ಅಂದ. ಆರ್ವಿಲ್ ತಲೆ ಎತ್ತಿ ನೋಡಲಿಲ್ಲ."

ಆ ರೈಲಿನ ಕೂಗು ನನಗೆ ಗೊತ್ತು. ಅದೊಂದೇ ನನಗೆ ಕೇಳಿಸಿದ್ದು. ಎಡಗಿವಿಯೊಳಕ್ಕೆ ಹೋದದ್ದು ಇವತ್ತಿನವರೆಗೂ ಹೊರಗೆ ಬಂದಿಲ್ಲ. ಬೇರೆ ಸದ್ದಿಗೆ ಅಲ್ಲಿ ಜಾಗವಿಲ್ಲ.

"ಹೆಬ್ಬೆರಳು ಬೇಡ ಅಂತ ಅವನು ಹೋಬರ್ಟ್‌ಗೆ ಹೇಳಿದ್ದು ನಿಮಗೆ ಹೇಗೆ ಗೊತ್ತು?" ಎಂದು ಕೇಳಿದರು ಅತ್ತೆ. "ಅದು ಅವರಿಬ್ಬರ ಮಧ್ಯೆ ಇದ್ದ ಮಾತು."

"ಆರ್ವಿಲ್ಲೇ ಹೇಳಿದ. ನಾನು ಹಾಸಿಗೆ ಹಿಡಿದಿದ್ದಾಗ ಭಾನುವಾರ ಭಾನುವಾರ ಬೆಟ್ಟ ಹತ್ತಿಳಿದು ನಮ್ಮನೆಗೆ ಬರೋನು. ಬಲಗಡೆ ಕೂತ್ಕೊಂಡು ಮಾತಾಡೋನು. ಬಾಗಿಲು ತೆಗೆದೇ ಇಡಿ ಅನ್ನೋನು. ಆಮೇಲೂ ಒಂದಷ್ಟು ಆಟ ಆಡಿದ, ಆದ್ರೆ ಒಂದು ಚೆಂಡನ್ನೂ ಬ್ಯಾಟ್ಸ್‌ಮನ್ ಹತ್ರ ಎಸೆಯೋಕಾಗ್ತಿಲ್ಲ, ಎಲ್ಲ ದೂರ ಹೋಗ್ತವೆ ಅಂದ. ಮೊದಮೊದಲು ಅವನ ಉಗುರು ಬೆಳ್ಳಗಿದ್ವು. ಒಂದು ಭಾನುವಾರ ನೋಡ್ತೀನಿ, ಉಗುರಿನ ಸಂದೀಲೆಲ್ಲ ಕಪ್ಪು."

"ಆಮೇಲೆ?" ಎಂದ ವೆರ್ಲಿನ್.

"ಆಮೇಲೆ ಒಂದು ಭಾನುವಾರ ಅವನು ಬರಲಿಲ್ಲ. ಛಾವಣಿ ಬಿತ್ತು ಅಂದ್ರು."

ವೆಸ್ಟಾ ಅತ್ತೆ ಮತ್ತೆ ಬೆಂಚಿನ ಮೇಲೆ ಕೂತರು, ಈ ಸಲ ನನ್ನ ಬಲಗಡೆ. ಕತ್ತರಿ ಸಾಣೆಯಾಗಿತ್ತು, ವೆರ್ಲಿನ್ ಕೊಡುವುದನ್ನೂ ಮರೆತು ಹಿಡಿದುಕೊಂಡು ನಿಂತಿದ್ದ. ಫೋಟೊ ನೋಡಿದ, ನನ್ನನ್ನು ನೋಡಿದ. ಶನಿವಾರ ಶನಿವಾರ ನನ್ನ ಸುಳ್ಳನ್ನು ನಕ್ಕು ನಕ್ಕು ಕೇಳಿದವನಿಗೆ ಈಗ ಒಂದಾದರೂ ನಿಜ ಸಿಗಲಿ ಅನ್ನಿಸಿತೋ ಏನೋ.

"ಹೋಗ್ಲಿ ಮಾಮ, ಬೆಟ್ಟ ಬಿಡಿ. ಆ ಚೆಂಡು ನಿಜವಾಗ್ಲೂ ಹೇಗೆ ಬಂತು? ಅದೊಂದು ಹೇಳಿ."

ಬಾಯಿ ತೆರೆದೆ. ಸುರಂಗ, ಸಿಡಿಲು, ಫಿರಂಗಿ ಎಲ್ಲ ನಾಲಗೆಯ ತುದಿಗೆ ಬಂದು ನಿಂತವು. ಬಾಯಿ ಮುಚ್ಚಿದೆ.

"ಗೊತ್ತಿಲ್ಲ ವೆರ್ಲಿನ್" ಎಂದೆ. "ಅವತ್ತು ಆ ಬಯಲಲ್ಲಿದ್ದೋರೆಲ್ಲ ಅದನ್ನ ನೋಡಿದ್ರು. ನೋಡದೇ ಇದ್ದೋನು ನಾನೊಬ್ಬನೇ."